ನೋಡುವ ತೋಟ, ಕೂರುವ ತೋಟ

ಊರಿನಿಂದ ಬಂದ ನೆಂಟರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬ ಪ್ರಶ್ನೆ ಮುಂಬಯಿಯ ಕನ್ನಡ ಸಂಸಾರಗಳಿಗೆ ಹೊಸದಲ್ಲ. ನಮ್ಮವರಲ್ಲಿ ಬಹುಮಂದಿ ಮಾಟುಂಗಾ, ದಾದರ್, ಕೋಟೆಯ ಸುತ್ತಮುತ್ತ ನೆಲೆಸಿದ್ದ ಕಾಲದಲ್ಲಿ ಅದಕ್ಕೆ ಉತ್ತರವೂ ಸಿದ್ಧವಾಗಿರುತ್ತಿತ್ತು. ಬೆಳಿಗ್ಗೆ ರಾಣಿಬಾಗ್, ಸಂಜೆ ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್, ಅದರೆದುರಿನ ಕಮಲಾ ನೆಹರು ಪಾರ್ಕಿನಲ್ಲಿ ಮಕ್ಕಳಿಗೆ ಬೂಟಿನ ಮನೆ, ಕೊನೆಗೆ ಚೌಪಾಟಿಯ ಭೇಲ್. ಈಗ ಸಂಸಾರಗಳು ಖಾಡಿ ದಾಟಿ ಬಂದಿವೆ. ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ, ನಮ್ಮ ಮಹಾಪೆಯ ಅಕ್ಕಪಕ್ಕದ ಕೋಪರ್‌ಖೈರಣೆ, ಘನ್ಸೋಲಿಗಳಲ್ಲಿ ಮನೆ ಮಾಡಿಕೊಂಡಿವೆ. ನೆಂಟರಿಗೆ ತೋರಿಸುವ ಸ್ಥಳವೂ ಬದಲಾಗಿದೆ. ನೆರೂಳಿನ ವಂಡರ್ಸ್ ಪಾರ್ಕ್ ಎಂದರೆ ಮಕ್ಕಳು ಮೊದಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ.

ನಾಟಕ ನೋಡಿ ಬಂದರೆ ನಾವು ವಿಮರ್ಶೆ ಬರೆಯುತ್ತೇವೆ. ಯಕ್ಷಗಾನದ ಭಾಗವತರು ಒಂದು ಪದ್ಯವನ್ನು ಅವಸರದಲ್ಲಿ ಹಾಡಿದರೆ ಮರುದಿನ ಲೋಕಲ್ ಗಾಡಿಯಲ್ಲಿ ಅದೇ ಚರ್ಚೆ. ಆದರೆ ಉದ್ಯಾನವೂ ಒಂದು ಕೃತಿಯೇ, ಅದೂ ನಮ್ಮ ತೆರಿಗೆಯ ಹಣದಿಂದ ಆದ ಕೃತಿ, ಅದರ ಗುಣದೋಷಗಳನ್ನು ಹೇಳುವವರು ಬೇಕು ಎಂದು ನಮಗೆ ಹೊಳೆಯುವುದೇ ಇಲ್ಲ. ‘ಚೆನ್ನಾಗಿದೆ’ ಎನ್ನುತ್ತೇವೆ, ಇಲ್ಲವೇ ‘ಕಸ ಬಿದ್ದಿದೆ’ ಎನ್ನುತ್ತೇವೆ. ಎರಡೂ ವಿಮರ್ಶೆಯಲ್ಲ. ಹೀಗಾಗಿ ಈ ಸಲ ಪುಸ್ತಕವನ್ನು ಬದಿಗಿಟ್ಟು ನಮ್ಮ ಸುತ್ತಲಿನ ತೋಟಗಳನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

ಮೊದಲು ನಮ್ಮ ನೆಲದ ಮಾತು. ಮಹಾಪೆಗೆ ಯಾರೂ ಗಾಳಿ ಸೇವನೆಗೆಂದು ಬಂದವರಲ್ಲ. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮ ಹುಟ್ಟಿತು. ಠಾಣೆ ಖಾಡಿಗೂ ಪಾರಸಿಕ್ ಗುಡ್ಡಕ್ಕೂ ನಡುವಿನ ಪಟ್ಟಿಯಲ್ಲಿ ಕಾರ್ಖಾನೆಗಳು ಎದ್ದವು. ಔಷಧ, ಬಣ್ಣ, ರಾಸಾಯನಿಕ, ಯಂತ್ರದ ಬಿಡಿಭಾಗಗಳ ಆ ಕಾರ್ಖಾನೆಗಳ ಹಿಂದೆಯೇ ಕೆಲಸ ಹುಡುಕಿಕೊಂಡು ನಮ್ಮವರೂ ಬಂದರು. ಅವರಿಗೆ ಊಟ ಹಾಕಲು ನಮ್ಮವರೇ ಹೋಟೆಲು ತೆರೆದರು. 1970ರ ಮಾರ್ಚಿಯಲ್ಲಿ ಸಿಡ್ಕೊ ಸ್ಥಾಪನೆಯಾಯಿತು, 1973ರಲ್ಲಿ ವಾಶಿಯ ಸೇತುವೆ ತೆರೆಯಿತು, 1992ರ ಜನವರಿಯಿಂದ ನವಿ ಮುಂಬಯಿಗೆ ಮಹಾನಗರಪಾಲಿಕೆ ಬಂತು, ಅದೇ ವರ್ಷ ವಾಶಿಗೆ ಲೋಕಲ್ ರೈಲೂ ಬಂತು. 2004ರಲ್ಲಿ ಠಾಣೆಯಿಂದ ತುರ್ಭೆಯ ಕಡೆಗೆ ರೈಲು ಓಡತೊಡಗಿದ ಮೇಲೆ ಕೋಪರ್‌ಖೈರಣೆ, ಘನ್ಸೋಲಿ, ರಬಾಳೆಗಳು ನಕಾಶೆಯ ಹೆಸರುಗಳಾಗಿ ಉಳಿಯದೆ ಊರುಗಳಾದವು. ಈ ಇಡೀ ಕಥೆಯಲ್ಲಿ ಕಾಗದದ ಮೇಲೆ ತೋಟ ಇತ್ತು; ನವಿ ಮುಂಬಯಿಯ ಯೋಜಕರು ಬಯಲು ಜಾಗದ ಬಗ್ಗೆ ಹಳೆಯ ಮುಂಬಯಿಗಿಂತ ಉದಾರವಾಗಿ ಯೋಚಿಸಿದ್ದರು ಎಂಬುದನ್ನು ಒಪ್ಪಲೇಬೇಕು. ಪ್ರಶ್ನೆ ಇರುವುದು ಆ ಬಯಲು ನಮ್ಮ ಕೈಗೆ ಯಾವ ರೂಪದಲ್ಲಿ ಬಂತು ಎಂಬುದರಲ್ಲಿ.

ಮಹಾಪೆಗೆ ಹತ್ತಿರದ ದೊಡ್ಡ ತೋಟವೆಂದರೆ ಕೋಪರ್‌ಖೈರಣೆಯ ನಿಸರ್ಗ ಉದ್ಯಾನ. ಇಂದು ಅಲ್ಲಿ ಬೆಳಗಿನ ನಡಿಗೆಗೆ ಬರುವ ಹೊಸಬರಲ್ಲಿ ಅನೇಕರಿಗೆ ತಾವು ಯಾವುದರ ಮೇಲೆ ನಡೆಯುತ್ತಿದ್ದೇವೆಂಬುದು ತಿಳಿದಿರಲಾರದು. ಅದು ನಗರದ ಹಳೆಯ ಕಸದ ರಾಶಿ. ಊರಿನ ಕಸವೆಲ್ಲ ಬಂದು ಬೀಳುತ್ತಿದ್ದ ಜಾಗವನ್ನು ಮುಚ್ಚಿ, ಅದರ ಮೇಲೆ ಮಣ್ಣು ಹೊದಿಸಿ ತೋಟ ಮಾಡಿದ್ದಾರೆ. ಇದು ಸಣ್ಣ ಕೆಲಸವಲ್ಲ. ಕಸದ ಗುಡ್ಡವನ್ನು ಮುಚ್ಚುವ ಕ್ರಮ ಸಾಮಾನ್ಯವಾಗಿ ಹೀಗೆ: ಮೊದಲು ರಾಶಿಯನ್ನು ಇಳಿಜಾರಾಗಿ ಸಮಮಾಡಬೇಕು, ಮಳೆನೀರು ಒಳಗೆ ಇಳಿಯದಂತೆ ಜೇಡಿಮಣ್ಣು, ದಪ್ಪ ಪ್ಲಾಸ್ಟಿಕ್ ಹಾಳೆಗಳ ಪದರ ಹಾಸಬೇಕು, ಒಳಗೆ ಕೊಳೆಯುವ ಕಸದಿಂದ ಏಳುವ ಮೀಥೇನ್ ಹೊರಹೋಗಲು ಕೊಳವೆಗಳನ್ನು ನಿಲ್ಲಿಸಬೇಕು, ಬುಡದಲ್ಲಿ ಜಿನುಗುವ ಕಪ್ಪು ನೀರಿಗೆ ಕಾಲುವೆ ಮಾಡಬೇಕು, ಎಲ್ಲದರ ಮೇಲೆ ಒಳ್ಳೆಯ ಮಣ್ಣು ಹಾಕಿ ಹುಲ್ಲು ಬೆಳೆಸಬೇಕು. ನೆಲ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಆದ್ದರಿಂದ ಅಲ್ಲಿ ಭಾರವಾದ ಕಟ್ಟಡ ಕಟ್ಟುವಂತಿಲ್ಲ. ಅಂದರೆ ಬಿಲ್ಡರನಿಗೆ ಬೇಡವಾದ ನೆಲ ಜನರಿಗೆ ದಕ್ಕಿತು. ಹೀಗೆಂದು ಕೊಂಕು ಮಾತಾಡಿದರೂ ಅದರ ಫಲವನ್ನು ಅಲ್ಲಗಳೆಯುವಂತಿಲ್ಲ: ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಜಾಗದಲ್ಲಿ ಈಗ ಜನ ಉಸಿರೆಳೆದುಕೊಳ್ಳಲು ಬರುತ್ತಾರೆ.

ಆದರೆ ಇಂಥ ನೆಲಕ್ಕೆ ಅದರದೇ ಒಂದು ತೊಡಕಿದೆ. ಆಳವಾಗಿ ಬೇರಿಳಿಸುವ ಮರಗಳು ಹೊದಿಕೆಯನ್ನು ಸೀಳಬಹುದೆಂಬ ಭಯದಿಂದ ಎಂಜಿನಿಯರುಗಳಿಗೆ ಹುಲ್ಲು ಪೊದೆಗಳ ಮೇಲೆಯೇ ಪ್ರೀತಿ. ಹುಲ್ಲು ಕಣ್ಣಿಗೆ ತಂಪು, ತಲೆಗಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಖಾಡಿಯ ದಂಡೆಯ ಈ ಬಿಸಿಲನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಹಾಗಾದರೆ ಕಸದ ಮೇಲೆ ನೆರಳು ಸಾಧ್ಯವೇ ಇಲ್ಲವೇ? ಇದೆ, ಅದಕ್ಕೆ ಸಾಕ್ಷಿ ದೂರವೇನಿಲ್ಲ. ಧಾರಾವಿಯ ಪಕ್ಕ, ಮೀಠಿ ನದಿಯ ದಂಡೆಯಲ್ಲಿ ಮಹಾರಾಷ್ಟ್ರ ನಿಸರ್ಗ ಉದ್ಯಾನವಿದೆ. ಸುಮಾರು 37 ಎಕರೆಯ ಆ ಜಾಗವೂ ಒಂದು ಕಾಲಕ್ಕೆ ಮುಂಬಯಿಯ ಕಸದ ರಾಶಿಯೇ. ಪಕ್ಷಿತಜ್ಞ ಸಾಲಿಂ ಅಲಿಯವರು 1983ರಲ್ಲಿ ಗಿಡ ನೆಟ್ಟು ಅಲ್ಲಿನ ವನೀಕರಣಕ್ಕೆ ಆರಂಭ ಹಾಡಿದರು. 1994ರಲ್ಲಿ ಉದ್ಯಾನ ಜನರಿಗೆ ತೆರೆಯಿತು. ಇಂದು ಅದು ಕಾಡಿನಂತೆಯೇ ಇದೆ, ಒಳಗೆ ಹೋದರೆ ಸಯಾನ್–ಬಾಂದ್ರಾ ರಸ್ತೆಯ ಗದ್ದಲ ಮರೆಯಾಗುತ್ತದೆ. ನೆಡುವುದಕ್ಕೂ ತೆರೆಯುವುದಕ್ಕೂ ನಡುವೆ ಹನ್ನೊಂದು ವರ್ಷ ಎಂಬುದನ್ನು ಗಮನಿಸಬೇಕು. ಐದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವವರಿಗೆ ಅಷ್ಟು ತಾಳ್ಮೆ ಕಷ್ಟ.

ಕೋಪರ್‌ಖೈರಣೆಯಲ್ಲೂ ಈಚಿನ ವರ್ಷಗಳಲ್ಲಿ ಜಪಾನಿನ ಸಸ್ಯವಿಜ್ಞಾನಿ ಮಿಯಾವಾಕಿಯವರ ಕ್ರಮದಲ್ಲಿ ಗಿಡಗಳನ್ನು ನೆಟ್ಟಿದ್ದಾರೆ. ಸ್ಥಳೀಯ ಜಾತಿಯ ಸಸಿಗಳನ್ನು ಒತ್ತೊತ್ತಾಗಿ ನೆಟ್ಟರೆ ಅವು ಬೆಳಕಿಗಾಗಿ ಪೈಪೋಟಿಯ ಮೇಲೆ ಬೇಗ ಎತ್ತರಕ್ಕೆ ಹೋಗುತ್ತವೆ ಎಂಬುದು ಅದರ ಗುಟ್ಟು. ಹಕ್ಕಿಗೆ ಚಿಟ್ಟೆಗೆ ಅದು ಒಳ್ಳೆಯದೇ. ನಮ್ಮ ತಕರಾರು ಇಷ್ಟೇ: ಅಷ್ಟು ಒತ್ತಾದ ಕಾಡಿನೊಳಗೆ ಮನುಷ್ಯ ಕೂರಲಾರ. ಅದನ್ನು ಹೊರಗಿನಿಂದ ನೋಡಬೇಕು. ಮುದುಕರಿಗೆ ಬೇಕಾದದ್ದು ಒಂದು ಸಾವಿರ ಗಿಡದ ಲೆಕ್ಕವಲ್ಲ, ಒಂದು ಅಗಲ ಕೊಂಬೆಯ ಮರ, ಅದರ ಬುಡದಲ್ಲೊಂದು ಕಟ್ಟೆ.

ಈ ಕಟ್ಟೆಯ ಮಾತಿಗೇ ನಾವು ಬರುತ್ತಿದ್ದೆವು. ತೋಟಗಳಲ್ಲಿ ಎರಡು ಜಾತಿ. ಒಂದು ನೋಡುವ ತೋಟ, ಇನ್ನೊಂದು ಕೂರುವ ತೋಟ. ನೋಡುವ ತೋಟಕ್ಕೆ ವರ್ಷಕ್ಕೊಮ್ಮೆ ಹೋಗುತ್ತೇವೆ, ಕೂರುವ ತೋಟಕ್ಕೆ ದಿನವೂ. ಎರಡೂ ಬೇಕು. ಆದರೆ ಮಹಾನಗರಪಾಲಿಕೆಗಳು ಹಣ ಸುರಿಯುವುದು, ಭಿತ್ತಿಪತ್ರ ಅಂಟಿಸುವುದು, ಮಂತ್ರಿಗಳನ್ನು ಕರೆಸುವುದು ಎಲ್ಲವೂ ಮೊದಲನೆಯದಕ್ಕೆ.

ವಂಡರ್ಸ್ ಪಾರ್ಕನ್ನೇ ತೆಗೆದುಕೊಳ್ಳೋಣ. ಸುಮಾರು ಮೂವತ್ತು ಎಕರೆಯ ಈ ತೋಟ 2012ರ ಡಿಸೆಂಬರಿನಲ್ಲಿ ತೆರೆಯಿತು; ನವೀಕರಣಗೊಂಡು 2023ರಲ್ಲಿ ಮತ್ತೆ ಬಾಗಿಲು ತೆಗೆಯಿತು. 2007ರಲ್ಲಿ ಜಗತ್ತಿನಾದ್ಯಂತ ಮತ ಹಾಕಿಸಿ ಆರಿಸಿದರಲ್ಲ, ಆ ಹೊಸ ಏಳು ಅದ್ಭುತಗಳ ಪ್ರತಿಕೃತಿಗಳು ಅಲ್ಲಿವೆ. ತಾಜಮಹಲಿನಿಂದ ನಾಲ್ಕು ಹೆಜ್ಜೆ ಹಾಕಿದರೆ ರೋಮಿನ ಕೊಲೋಸಿಯಂ, ಇತ್ತ ಚೀನದ ಗೋಡೆ, ಅತ್ತ ಪೆರುವಿನ ಮಾಚು ಪಿಚು. ಪುಟಾಣಿ ರೈಲಿದೆ, ಆಟದ ಸಲಕರಣೆಗಳಿವೆ. ಟಿಕೀಟು ಉಂಟು. ಮಕ್ಕಳ ಮುಖದಲ್ಲಿ ಕಾಣುವ ಸಂತೋಷವನ್ನು ಹಗುರವಾಗಿ ಕಾಣುವಷ್ಟು ಅರಸಿಕರು ನಾವಲ್ಲ. ಆಗ್ರಾಕ್ಕೇ ಹೋಗಲಾರದ ಸಂಸಾರಗಳು ನಮ್ಮಲ್ಲಿ ಇವೆ, ಪೆರುವಿನ ಮಾತು ಬಿಡಿ. ಆದರೂ ಒಂದು ಪ್ರಶ್ನೆ ಕೇಳಲೇಬೇಕು: ಏಳು ಅದ್ಭುತಗಳಲ್ಲಿ ಈ ನೆಲದ್ದು ಎಂಬುದು ಯಾವುದು? ಆಗ್ರಿ ಕೋಳಿಗಳ ಉಪ್ಪಿನಗದ್ದೆ, ಮೀನುಬಲೆ, ಪಾರಸಿಕ್ ಗುಡ್ಡದ ಕಲ್ಲಿನ ಕ್ವಾರಿ, ಚಳಿಗಾಲಕ್ಕೆ ಖಾಡಿಗೆ ಬಂದಿಳಿಯುವ ಗುಲಾಬಿ ಬಣ್ಣದ ಫ್ಲೆಮಿಂಗೊ ಹಕ್ಕಿಗಳು, ಇವೇನು ಅದ್ಭುತಗಳಲ್ಲವೇ? ಹಕ್ಕಿಗಳ ಆ ಖಾಡಿಯನ್ನು 2015ರಲ್ಲಿ ಅಭಯಾರಣ್ಯವೆಂದು ಸಾರಿದರು, 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ನೋಡಬೇಕಾದ ಅದ್ಭುತ ಮನೆಯ ಹಿತ್ತಲಲ್ಲೇ ಇದ್ದು ನಾವು ಸಿಮೆಂಟಿನ ಕೊಲೋಸಿಯಂ ಎದುರು ಫೋಟೋ ತೆಗೆಸಿಕೊಳ್ಳುತ್ತಿದ್ದೇವೆ.

ಈ ನೋಡುವ ತೋಟದ ರುಚಿಯನ್ನು ನಮಗೆ ಹಚ್ಚಿದ್ದು ನಮ್ಮೂರೇ ಎನ್ನಬಹುದು. ಕೃಷ್ಣರಾಜಸಾಗರದ ಕೆಳಗೆ ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಎದ್ದ ಬೃಂದಾವನದ ದೀಪ, ಕಾರಂಜಿಗಳನ್ನು ಶಾಲೆಯ ಪ್ರವಾಸದಲ್ಲಿ ನೋಡದ ಕನ್ನಡಿಗ ಅಪರೂಪ. ಆ ತೋಟಕ್ಕೊಂದು ಸಮರ್ಥನೆಯಿತ್ತು. ಕಾವೇರಿಯ ನೀರು, ಅಣೆಕಟ್ಟು, ಅಲ್ಲಿಂದ ಬಂದ ಏಳಿಗೆ, ಎಲ್ಲದರ ಸಂಭ್ರಮವೇ ಅಲ್ಲಿ ಕಾರಂಜಿಯಾಗಿ ಚಿಮ್ಮಿತ್ತು. ಅದನ್ನು ನಕಲು ಮಾಡಿದವರು ಕಾರಂಜಿಯನ್ನು ಮಾತ್ರ ತಂದರು.

ಕೂರುವ ತೋಟಕ್ಕೆ ಉದಾಹರಣೆ ಬೇಕೆಂದರೆ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋಗಬೇಕು. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅದನ್ನು ರೂಪಿಸಿದ. ಆಗ ಕಮಿಷನರ್ ಸ್ಥಾನದಲ್ಲಿದ್ದ ಮೀಡ್ ಎಂಬವನ ಹೆಸರು ಮೊದಲಿಗೆ ಇತ್ತು, ಆಮೇಲೆ ಕಬ್ಬನ್ನನ ಹೆಸರು ಬಂತು. 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ರಜತೋತ್ಸವದ ಸಂದರ್ಭದಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಕರೆದರು. ಜನ ಮಾತ್ರ ಕಬ್ಬನ್ ಪಾರ್ಕ್ ಎಂದೇ ಉಳಿಸಿಕೊಂಡರು. ಹೆಸರು ಬದಲಾಯಿಸುವವರಿಗೂ ಕರೆಯುವವರಿಗೂ ಎಂದೂ ತಾಳೆಯಾಗುವುದಿಲ್ಲ. ಒಂದು ಬದಿಗೆ ಅಠಾರಾ ಕಚೇರಿಯ ಕೆಂಪು ಕಟ್ಟಡ, ನಡುವೆ 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಗ್ರಂಥಾಲಯ, ಬ್ಯಾಂಡ್‌ಸ್ಟ್ಯಾಂಡ್, ಬಿದಿರು ಮೆಳೆ, ಮಕ್ಕಳಿಗೆ ಬಾಲಭವನ. ಒಂದು ಹಂತದಲ್ಲಿ ಇದೂ ನೋಡುವ ತೋಟವೇ. ಆದರೆ ಅದರ ಹೆಚ್ಚುಗಾರಿಕೆ ನೋಡಲು ಏನೂ ಇಲ್ಲದ ಭಾಗಗಳಲ್ಲಿದೆ. ವಕೀಲರು ಊಟದ ಡಬ್ಬಿ ಬಿಚ್ಚುವ ಮರ, ಪರೀಕ್ಷೆಗೆ ಓದುವ ಹುಡುಗರ ಬೆಂಚು, ಕೆಲಸ ಹುಡುಕಿ ಸೋತವನು ಟವೆಲ್ ಹಾಸಿ ಮಲಗುವ ಹುಲ್ಲು. 2023ರ ಆರಂಭದಲ್ಲಿ ಅಲ್ಲಿ ಕೆಲವು ತರುಣರು ಶನಿವಾರ ಪುಸ್ತಕ ಹಿಡಿದು ಬಂದು ಮೌನವಾಗಿ ಓದುತ್ತ ಕೂರುವ ರೂಢಿ ಶುರುಮಾಡಿದರು. ‘ಕಬ್ಬನ್ ರೀಡ್ಸ್’ ಎಂಬ ಆ ಪದ್ಧತಿ ಬೇರೆ ಬೇರೆ ನಗರಗಳಿಗೂ ಹಬ್ಬಿತು. ಅದಕ್ಕೆ ಯಾವ ಪಾಲಿಕೆಯ ಮಂಜೂರಾತಿಯೂ ಬೇಕಾಗಲಿಲ್ಲ, ಟೆಂಡರೂ ಬೇಕಾಗಲಿಲ್ಲ. ನೆರಳು ಇತ್ತು, ಸಾಕಾಯಿತು.

ಕಬ್ಬನ್ ಪಾರ್ಕನ್ನು ನಾವು ಹೊಗಳುತ್ತಿರುವುದು ಊರಿನ ಅಭಿಮಾನದಿಂದ ಮಾತ್ರವಲ್ಲ. ಅದರ ಅಂಚುಗಳನ್ನು ಒಂದೊಂದು ಕಟ್ಟಡ, ಒಂದೊಂದು ಕ್ಲಬ್ಬು, ಒಂದೊಂದು ರಸ್ತೆ ತಿನ್ನುತ್ತಲೇ ಬಂದಿದೆ. ಅದನ್ನು ತಡೆಯಲೆಂದೇ 1975ರಲ್ಲಿ ಕರ್ನಾಟಕದಲ್ಲಿ ಸರಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ ಬಂತು. ಆದರೂ 1998ರಲ್ಲಿ ಸರಕಾರವೇ ಪಾರ್ಕಿನ ಒಂದು ಭಾಗವನ್ನು ಸಂರಕ್ಷಿತ ಗಡಿಯಿಂದ ಹೊರಗಿಡಲು ಹೊರಟಿತು. ಆಗ ಬೀದಿಗಿಳಿದು ಪ್ರತಿಭಟಿಸಿದವರು, ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಯಾರು? ದಿನಾ ಅಲ್ಲಿ ನಡೆಯುತ್ತಿದ್ದವರು, ಕೂರುತ್ತಿದ್ದವರು. ವರ್ಷಕ್ಕೊಮ್ಮೆ ಟಿಕೀಟು ಕೊಂಡು ಹೋಗುವ ತೋಟಕ್ಕಾಗಿ ಯಾರೂ ಘೋಷಣೆ ಕೂಗುವುದಿಲ್ಲ.

ಇದೇನು ಬೆಂಗಳೂರಿನ ದೂರದ ಕಥೆ ಎನ್ನಬೇಡಿ. ಮಹಾಪೆಯ ಮಗ್ಗುಲಲ್ಲೇ, ಘನ್ಸೋಲಿಯಲ್ಲಿ, ಸರಕಾರಿ ಕ್ರೀಡಾ ಸಂಕೀರ್ಣಕ್ಕೆಂದು ಇಪ್ಪತ್ತು ಎಕರೆ ಬಯಲನ್ನು 2003ರಲ್ಲಿ ಕಾದಿರಿಸಿದ್ದರು. ವರ್ಷಗಳು ಕಳೆದವು, ಮೈದಾನ ಏಳಲಿಲ್ಲ. 2016ರಲ್ಲಿ ಆ ಜಾಗದ ಒಂದು ಪಾಲು ಮನೆ, ಅಂಗಡಿ ಕಟ್ಟಲು ಖಾಸಗಿ ಬಿಲ್ಡರಿಗೆ ಹೋಯಿತು. 2021ರಲ್ಲಿ ಕ್ರೀಡಾ ಸಂಕೀರ್ಣವನ್ನು ರಾಯಗಡ ಜಿಲ್ಲೆಯ ಮಾಣಗಾಂವಿಗೆ, ಅಂದರೆ ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರಕ್ಕೆ ಒಯ್ಯುವ ನಿರ್ಣಯವಾಯಿತು. ಕೋಪರ್‌ಖೈರಣೆಯ ಹುಡುಗ ಸಂಜೆ ಶಾಲೆ ಬಿಟ್ಟು ಮಾಣಗಾಂವಿಗೆ ಆಡಲು ಹೋಗಬೇಕಿತ್ತು! ವಾಸ್ತುಶಿಲ್ಪಿಗಳ ಸಂಸ್ಥೆಯ ನವಿ ಮುಂಬಯಿ ಶಾಖೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹಾಕಿತು. 2024ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆ ನಿರ್ಣಯಗಳನ್ನು ರದ್ದುಪಡಿಸಿತು. ಸಂತೋಷದ ವಿಷಯವೇ ಸರಿ. ಆದರೆ ನಮ್ಮ ಸಂಘಗಳಲ್ಲಿ, ನಮ್ಮ ಸೊಸೈಟಿಗಳಲ್ಲಿ ಈ ವ್ಯಾಜ್ಯದ ಬಗ್ಗೆ ಮಾತೆತ್ತಿದವರು ಎಷ್ಟು ಜನ? ಭವನಕ್ಕೆ ನಿವೇಶನ ಕೊಡಿ ಎಂದು ಮನವಿ ಹಿಡಿದು ಮಂತ್ರಾಲಯದ ಮೆಟ್ಟಿಲು ಸವೆಸಿದ ನಮ್ಮವರಿಗೆ, ಮಕ್ಕಳ ಆಟದ ಬಯಲು ಕೈತಪ್ಪುತ್ತಿದೆ ಎಂಬುದು ಸಭೆಯ ವಿಷಯಪಟ್ಟಿಗೆ ಸೇರುವಷ್ಟು ದೊಡ್ಡದಾಗಿ ಕಾಣಲಿಲ್ಲ. ಬಳಸದ ಬಯಲು ಯಾರದ್ದೂ ಅಲ್ಲದ ಬಯಲಾಗಿ ಕಾಣುತ್ತದೆ. ಕಡತದಲ್ಲಿ ಅದು ಖಾಲಿ ನಿವೇಶನ ಅಷ್ಟೇ.

ಖಾರ್ಘರಿನ ಸೆಂಟ್ರಲ್ ಪಾರ್ಕಿನ ಬಗ್ಗೆ ಎರಡು ಮಾತು. ಸಿಡ್ಕೊ ಅದನ್ನು ಸುಮಾರು 80 ಹೆಕ್ಟೇರಿನ ಮಹಾ ಉದ್ಯಾನವಾಗಿ ಕಲ್ಪಿಸಿ, 2010ರಲ್ಲಿ ಮೊದಲ ಭಾಗವನ್ನು ತೆರೆಯಿತು. ಹಿಂದೆ ಗುಡ್ಡ, ಮುಂದೆ ಹರಹು. ಮಳೆಗಾಲದಲ್ಲಿ ಅದರ ಚೆಲುವನ್ನು ನೋಡಿಯೇ ತೀರಬೇಕು. 2023ರ ನವೆಂಬರಿನಿಂದ ಬೇಲಾಪುರ–ಪೇಂಧರ್ ಮೆಟ್ರೋದಲ್ಲಿ ಅದರ ಹೆಸರಿನ ನಿಲ್ದಾಣವೂ ಇದೆ. ಅದೇ ಖಾರ್ಘರಿನ ಒಂದು ತೆರೆದ ಬಯಲಿನಲ್ಲಿ 2023ರ ಏಪ್ರಿಲ್ 16ರಂದು ನಡೆದ ಸಮಾರಂಭದಲ್ಲಿ ಬಿಸಿಲಿನ ಝಳಕ್ಕೆ 14 ಮಂದಿ ಪ್ರಾಣ ಬಿಟ್ಟರು. ಅದು ಉದ್ಯಾನದ ತಪ್ಪಲ್ಲ, ಸಮಾರಂಭದ್ದು. ಆದರೆ ನೆರಳು ಈ ಊರಿನಲ್ಲಿ ಶೋಕಿಯ ವಸ್ತುವಲ್ಲ ಎಂದು ಇನ್ನು ಯಾರಿಗಾದರೂ ಸಂದೇಹವಿದ್ದರೆ ಆ ದಿನವನ್ನು ನೆನೆಯಬಹುದು.

ನೆರೂಳ್, ವಾಶಿಗಳ ದೊಡ್ಡ ಹೊಂಡಗಳ ಸುತ್ತ ಮಾಡಿರುವ ನಡಿಗೆಯ ದಾರಿಗಳನ್ನು ಮಾತ್ರ ನಾವು ಮನಸಾರೆ ಮೆಚ್ಚುತ್ತೇವೆ. ಅವು ಅಲಂಕಾರಕ್ಕೆ ತೋಡಿದ ಕೆರೆಗಳಲ್ಲ. ಖಾಡಿಯಿಂದ ಪಡೆದ ತಗ್ಗು ನೆಲದಲ್ಲಿ ಭರತದ ಹೊತ್ತಿಗೆ ಜೋರು ಮಳೆ ಬಂದರೆ ನೀರು ಹೊರಹೋಗಲು ದಾರಿಯಿಲ್ಲ. ಆಗ ಆ ನೀರು ಈ ಹೊಂಡಗಳಲ್ಲಿ ತಂಗಿ, ಇಳಿತವಾದಾಗ ಬಾಗಿಲು ತೆರೆದುಕೊಂಡು ಖಾಡಿಗೆ ಹೋಗುತ್ತದೆ. ಡಚ್ಚರ ದೇಶದಿಂದ ಕಲಿತ ಉಪಾಯ. ಕೆಲಸಕ್ಕೆ ಬರುವ ವಸ್ತುವಿನ ಅಂಚಿನಲ್ಲಿ ಒಂದು ದಾರಿ, ನಾಲ್ಕು ಬೆಂಚು ಹಾಕಿದರು, ಜನ ತಾವಾಗಿ ಬಂದರು. ನಮ್ಮ ಹಳ್ಳಿಯ ಕೆರೆ ಏರಿಯ ಮೇಲೆ ಸಂಜೆ ಕೂರುತ್ತಿದ್ದುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಇನ್ನು ಸೌಕರ್ಯಗಳು. ಪಾಲಿಕೆಯ ಪ್ರಕಟಣೆಗಳಲ್ಲಿ ಸೌಕರ್ಯವೆಂದರೆ ಬಣ್ಣದ ದೀಪ, ಸಂಗೀತ ಕಾರಂಜಿ, ಬಯಲು ವ್ಯಾಯಾಮದ ಕಬ್ಬಿಣದ ಯಂತ್ರ, ಈಚೆಗೆ ‘ಸೆಲ್ಫಿ ಪಾಯಿಂಟ್’. ನಮ್ಮ ಮನೆಗಳಲ್ಲಿ ಇರುವವರನ್ನು ಕೇಳಿ. ಊರಿನ ಮನೆ ಮಾರಿ ಮಗನ ಜತೆ ಇರಲು ಬಂದ ಅಜ್ಜ, ಎರಡು ಖೋಲಿಯ ಫ್ಲಾಟಿನಲ್ಲಿ ಮರಾಠಿ ಹಿಂದಿ ಬಾರದೆ ಮೂಕಳಂತಾದ ಅಜ್ಜಿ, ಇವರಿಗೆ ತೋಟವೆಂದರೆ ತಮ್ಮ ಮಾತಿನವರು ಇನ್ನೊಬ್ಬರು ಸಿಕ್ಕಾರು ಎಂಬ ಆಸೆ. ಅವರಿಗೆ ಬೇಕಾದ್ದು ಬೆನ್ನಾಸರೆಯಿರುವ ಬೆಂಚು, ಬೆಂಚಿನಿಂದ ಬೆಂಚಿಗೆ ಹೆಚ್ಚು ದೂರವಿಲ್ಲದ ದಾರಿ, ಕುಡಿಯುವ ನೀರು, ಬೀಗ ಹಾಕಿರದ ಶೌಚಾಲಯ. ಕೊನೆಯದನ್ನು ಹೆಂಗಸರು ಮೊದಲು ಹೇಳುತ್ತಾರೆ. ನಾವು ಕಂಡ ಒಂದು ತೋಟದಲ್ಲಿ, ಹೆಸರು ಬೇಡ, ಕಾರಂಜಿಗೆ ಪ್ರತ್ಯೇಕ ಕಾವಲುಗಾರನಿದ್ದ; ಶೌಚಾಲಯದ ಬೀಗದ ಕೈ ಯಾರ ಬಳಿಯಿದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಪೂರ್ತಿ ಸ್ಟೀಲಿನ ಬೆಂಚುಗಳು ಮೇ ತಿಂಗಳ ಮಧ್ಯಾಹ್ನ ದೋಸೆಯ ಕಾವಲಿಯಂತೆ ಕಾದಿರುತ್ತವೆ. ಅದರ ಬದಲು ಅರಳಿಯೋ ಹೊಂಗೆಯೋ ಒಂದು ಮರ ಹಾಕಿ ಸುತ್ತ ಕಲ್ಲಿನ ಕಟ್ಟೆ ಕಟ್ಟಿದರೆ ಖರ್ಚೂ ಕಡಿಮೆ, ಹತ್ತು ಜನ ಒಟ್ಟಿಗೆ ಕೂರಬಹುದು, ಮುಖ ನೋಡಿ ಮಾತಾಡಬಹುದು. ನಮ್ಮ ಕಡೆ ಅಶ್ವತ್ಥಕಟ್ಟೆಯಿಲ್ಲದ ಊರಿದೆಯೇ? ಇಷ್ಟು ಸುಲಭದ ಮಾತು ನಗರದ ಯಾವ ನಕಾಶೆಯಲ್ಲೂ ಕಾಣುವುದಿಲ್ಲ.

ಬಾಗಿಲಿನ ವೇಳೆಯೂ ಒಂದು ಸೌಕರ್ಯವೇ. ನಮ್ಮ ಸುತ್ತಲಿನ ಹಲವು ತೋಟಗಳು ಬೆಳಿಗ್ಗೆ ನಡೆಯುವವರಿಗಾಗಿ ತೆರೆದು, ನಡುಹಗಲು ಮುಚ್ಚಿ, ಸಂಜೆ ಮತ್ತೆ ತೆರೆಯುತ್ತವೆ. ನಡುಹಗಲು ಬರುವವರು ಪೋಲಿಗಳು ಎಂಬುದು ಇದರ ಹಿಂದಿನ ತರ್ಕ. ಮಹಾಪೆಯ ಪಟ್ಟಿಯಲ್ಲಿ ನಡುಹಗಲಿಗೆ ನೆರಳು ಬೇಕಾದವರು ಯಾರೆಂದು ಒಮ್ಮೆ ಬಂದು ನೋಡಲಿ: ಪಾಳಿ ಮುಗಿಸಿದ ಕಾರ್ಮಿಕ, ಡಬ್ಬಿ ಹಿಡಿದ ಕಂತ್ರಾಟು ಕೆಲಸಗಾರ, ಹೋಟೆಲಿನ ಊಟದ ಗಡಿಬಿಡಿ ಮುಗಿದ ಮೇಲೆ ಮೂರರಿಂದ ಐದರವರೆಗೆ ಬಿಡುವಿರುವ ನಮ್ಮ ಹುಡುಗರು, ಮುಂದಿನ ಆರ್ಡರಿಗಾಗಿ ಮೋಟರ್ ಸೈಕಲಿನ ಮೇಲೆಯೇ ತೂಕಡಿಸುವ ಡೆಲಿವರಿಯವರು. ಇವರೆಲ್ಲ ಈಗ ಕೂರುವುದು ಕಾರ್ಖಾನೆಯ ಕಾಂಪೌಂಡಿನ ಗೋಡೆಯ ಸಣ್ಣ ನೆರಳಿನಲ್ಲಿ, ನಿಂತ ಲಾರಿಯ ಮರೆಯಲ್ಲಿ.

ನಮ್ಮವರ ಮೇಲೂ ಒಂದು ಮಾತು ಹೇಳದೆ ಇರಲಾರೆವು. ವರ್ಷಕ್ಕೊಮ್ಮೆ ವಿಹಾರಕೂಟವೆಂದು ಬಸ್ಸು ಮಾಡಿಕೊಂಡು ದೂರದ ತೋಟಕ್ಕೋ ರಿಸಾರ್ಟಿಗೋ ಹೋಗುತ್ತೇವೆ, ಅಂತ್ಯಾಕ್ಷರಿ, ಸಂಗೀತ ಕುರ್ಚಿ ಆಡಿ, ಬಿಸಿಬೇಳೆಬಾತಿನ ತಟ್ಟೆಗಳನ್ನು ಪೊದೆಯ ಹಿಂದೆ ಇಟ್ಟು ಬರುತ್ತೇವೆ. ಮನೆಯ ಬಾಗಿಲಿನ ತೋಟಕ್ಕೆ ಹೋಗಲು ನಮಗೆ ಹೊತ್ತಿಲ್ಲ. ಸಂಘದ ಕಾರ್ಯಕ್ರಮವೆಂದರೆ ಸಭಾಗೃಹವೇ ಆಗಬೇಕು, ಬಾಡಿಗೆ ಕಟ್ಟಬೇಕು, ಎ.ಸಿ. ಇರಬೇಕು. ತಿಂಗಳಿಗೊಂದು ಭಾನುವಾರ ಮಕ್ಕಳ ಕನ್ನಡ ಅಕ್ಷರದ ತರಗತಿಯನ್ನು ನಿಸರ್ಗ ಉದ್ಯಾನದ ಹುಲ್ಲಿನ ಮೇಲೆ ಏಕೆ ಮಾಡಬಾರದು? ಅಜ್ಜ ಅಜ್ಜಿಯರೂ ಬರಲಿ. ಕಲಿಸಲು ಅವರಿಗಿಂತ ಬಲ್ಲವರು ಯಾರಿದ್ದಾರೆ? ಹಾಗೆಂದು ನಮ್ಮ ಕಾರ್ಯಕಾರಿ ಸಮಿತಿಯ ಮುಂದೆ ಇಟ್ಟಿದ್ದೇವೆ. ಪಾಲಿಕೆಯ ವಿಭಾಗ ಕಚೇರಿಗೆ ಕೊಡಲು ಒಂದು ಮನವಿಯನ್ನೂ ಬರೆದಿದ್ದೇವೆ. ಅದರಲ್ಲಿ ಕೇಳಿರುವುದು ಮೂರೇ: ನಡುಹಗಲು ಬಾಗಿಲು ತೆರೆದಿರಲಿ, ಶೌಚಾಲಯಕ್ಕೆ ಹಗಲು ಹೊತ್ತು ಬೀಗ ಬೇಡ, ಮುಂದಿನ ಮಳೆಗಾಲಕ್ಕೆ ಮೊದಲು ಅಗಲ ಕೊಂಬೆಯ ಹತ್ತು ಮರಗಳಿಗೆ ಜಾಗ ಗುರುತು ಮಾಡಲಿ. ಮನವಿ ಮರಾಠಿಯಲ್ಲಿದೆ, ಪ್ರತಿಯನ್ನು ಸಂಘದ ಕಚೇರಿಯಲ್ಲಿ ಇಟ್ಟಿದೆ. ಸಹಿ ಹಾಕುವವರು ಸಂಜೆ ಆರರ ಮೇಲೆ ಬರಬಹುದು, ಮಧ್ಯಾಹ್ನ ಪಾಳಿಯವರಿಗೆ ಭಾನುವಾರ ಬೆಳಿಗ್ಗೆ.